ಎಣಿಸಲು ಬಾರದ ಕಡೆ ಅಳೆಯುವುದು: ವಿಸ್ತೀರ್ಣದ ಮೂಲಕ ಸಂಭವನೀಯತೆ

ದಾಳದ ಲೆಕ್ಕದಲ್ಲಿ ಸಂಭವನೀಯತೆಯೆಂದರೆ ಎಣಿಕೆ. ಆರು ಮುಖಗಳಲ್ಲಿ ನಮಗೆ ಬೇಕಾದವು ಎಷ್ಟು ಎಂದು ಎಣಿಸಿ ಆರರಿಂದ ಭಾಗಿಸಿದರೆ ಕೆಲಸ ಮುಗಿಯಿತು. ಆದರೆ ಒಂದು ಚೌಕದೊಳಗೆ ಕಣ್ಣುಮುಚ್ಚಿ ಒಂದು ಬಿಂದುವನ್ನು ಗುರುತಿಸಿದರೆ, ಅದು ಆ ಚೌಕದೊಳಗಿನ ವೃತ್ತದಲ್ಲಿ ಬೀಳುವ ಸಂಭವನೀಯತೆ ಎಷ್ಟು ಎಂದು ಕೇಳಿದಾಗ ಎಣಿಕೆ ಕೈಕೊಡುತ್ತದೆ. ಚೌಕದಲ್ಲಿರುವ ಬಿಂದುಗಳೂ ಅನಂತ, ವೃತ್ತದಲ್ಲಿರುವ ಬಿಂದುಗಳೂ ಅನಂತ. ಒಂದನ್ನು ಇನ್ನೊಂದರಿಂದ ಭಾಗಿಸಿ ಉತ್ತರ ಪಡೆಯಲು ಬರುವುದಿಲ್ಲ. ಆದ್ದರಿಂದ ಇಲ್ಲಿ ಎಣಿಕೆಯ ಜಾಗಕ್ಕೆ ಅಳತೆ ಬರುತ್ತದೆ: ಅನುಕೂಲಕರ ಪ್ರದೇಶದ ವಿಸ್ತೀರ್ಣವನ್ನು ಒಟ್ಟು ಪ್ರದೇಶದ ವಿಸ್ತೀರ್ಣದಿಂದ ಭಾಗಿಸುತ್ತೇವೆ. ಈ ಸೂತ್ರದ ಹಿಂದೆ ಒಂದು ಷರತ್ತಿದೆ. ಸಮನಾದ ವಿಸ್ತೀರ್ಣವುಳ್ಳ ಎರಡು ತುಂಡುಗಳು ಚೌಕದ ಯಾವ ಮೂಲೆಯಲ್ಲಿದ್ದರೂ, ಯಾವ ಆಕಾರದಲ್ಲಿದ್ದರೂ, ಬಿಂದು ಅವುಗಳೊಳಗೆ ಬೀಳುವ ಅವಕಾಶ ಸಮನಾಗಿರಬೇಕು. ಇದನ್ನೇ ಏಕರೂಪ ಹಂಚಿಕೆ ಎನ್ನುತ್ತೇವೆ. ಈ ಬಗೆಯ ಲೆಕ್ಕಗಳಲ್ಲಿ ವಿಸ್ತೀರ್ಣ ಕಂಡುಹಿಡಿಯುವುದು ಕೊನೆಯ ಕೆಲಸ, ಬಹುಮಟ್ಟಿಗೆ ಸುಲಭದ ಕೆಲಸ. ಯಾವ ರಾಶಿ ಏಕರೂಪವಾಗಿ ಹಂಚಿಕೆಯಾಗಿದೆ, ಹಾಗಾಗಿ ಯಾವ ಆಕೃತಿಯನ್ನು ಬರೆಯಬೇಕು ಎಂದು ತೀರ್ಮಾನಿಸುವುದೇ ನಿಜವಾದ ಲೆಕ್ಕ ಎಂಬುದು ನನ್ನ ಅಭಿಪ್ರಾಯ.

ಆಕೃತಿ ಮೊದಲೇ ಕೊಟ್ಟಿರುವ ಲೆಕ್ಕಗಳನ್ನು ಬೇಗ ಮುಗಿಸೋಣ. ಚೌಕದ ನಾಲ್ಕೂ ಬಾಹುಗಳನ್ನು ಸ್ಪರ್ಶಿಸುವ ವೃತ್ತವಿದ್ದರೆ ಬೇಕಾದ ಸಂಭವನೀಯತೆ ಪೈ/4, ಅಂದರೆ ಸುಮಾರು 0.785. ವೃತ್ತಾಕಾರದ ಫಲಕದ ಮೇಲೆ ಬಿದ್ದ ಬಿಂದು ಅಂಚಿಗಿಂತ ಕೇಂದ್ರಕ್ಕೆ ಹತ್ತಿರವಾಗಿರುವ ಸಂಭವನೀಯತೆ ಕೇಳಿದರೆ ಅನೇಕರು ಥಟ್ಟನೆ ಅರ್ಧ ಎನ್ನುತ್ತಾರೆ. ಕೇಂದ್ರಕ್ಕೆ ಹತ್ತಿರವಿರುವ ಬಿಂದುಗಳೆಲ್ಲ ಅರ್ಧ ತ್ರಿಜ್ಯದ ಒಳವೃತ್ತದಲ್ಲಿರುತ್ತವೆ, ಅದರ ವಿಸ್ತೀರ್ಣ ಇಡೀ ಫಲಕದ ಕಾಲು ಭಾಗ ಮಾತ್ರ. ಆದ್ದರಿಂದ ಉತ್ತರ 1/4. ಉದ್ದ ಅರ್ಧವಾದರೆ ವಿಸ್ತೀರ್ಣ ಕಾಲಾಗುತ್ತದೆ ಎಂಬ ಈ ಸಂಗತಿ ಮುಂದೆಯೂ ನಮ್ಮನ್ನು ಕಾಡಲಿದೆ. ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಪ್ರಿಯವಾದದ್ದು: ಚೌಕದೊಳಗೆ ಒಂದು ಬಿಂದುವನ್ನು ಆರಿಸಿ, ತಳಬಾಹುವಿನ ಎರಡು ತುದಿಗಳಿಗೆ ಅದನ್ನು ಸೇರಿಸಿದರೆ ಆ ಬಿಂದುವಿನಲ್ಲಿ ಉಂಟಾಗುವ ಕೋನ ವಿಶಾಲಕೋನವಾಗಿರುವ ಸಂಭವನೀಯತೆ ಎಷ್ಟು? ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪ್ರಮೇಯ ನೆನಪಾದ ಕೂಡಲೇ ಲೆಕ್ಕ ಬಿಚ್ಚಿಕೊಳ್ಳುತ್ತದೆ. ತಳಬಾಹುವನ್ನೇ ವ್ಯಾಸವಾಗಿ ಇಟ್ಟುಕೊಂಡು ಎಳೆದ ಅರ್ಧವೃತ್ತದ ಒಳಗೆ ಬಿಂದು ಬಿದ್ದರೆ ಕೋನ ವಿಶಾಲ, ಹೊರಗೆ ಬಿದ್ದರೆ ಲಘು. ಬಾಹು 1 ಆದಾಗ ಅರ್ಧವೃತ್ತದ ವಿಸ್ತೀರ್ಣ ಪೈ/8, ಅಂದರೆ ಸುಮಾರು 0.393. ಬಿಂದು ಸರಿಯಾಗಿ ವಕ್ರರೇಖೆಯ ಮೇಲೆಯೇ ಬಿದ್ದು ಕೋನ ನಿಖರವಾಗಿ ಲಂಬವಾಗುವ ಸಂಭವನೀಯತೆ ಸೊನ್ನೆ, ಏಕೆಂದರೆ ರೇಖೆಗೆ ವಿಸ್ತೀರ್ಣವಿಲ್ಲ. ಹಾಗೆಂದು ಅದು ಅಸಾಧ್ಯವಲ್ಲ. ಸೊನ್ನೆ ಸಂಭವನೀಯತೆಯೂ ಅಸಾಧ್ಯತೆಯೂ ಬೇರೆ ಬೇರೆ ಎಂಬುದು ದಾಳದ ಲೆಕ್ಕದಲ್ಲಿ ಕಾಣಿಸಿಕೊಳ್ಳದ ವಿಷಯ. ಇದರಿಂದ ಒಂದು ಅನುಕೂಲವೂ ಇದೆ: ಪ್ರಶ್ನೆಯಲ್ಲಿ ‘ಕಡಿಮೆ’ ಎಂದಿದೆಯೋ ‘ಕಡಿಮೆ ಅಥವಾ ಸಮ’ ಎಂದಿದೆಯೋ ಎಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಪ್ರಶ್ನೆಯಲ್ಲಿ ಯಾವ ಆಕೃತಿಯೂ ಇಲ್ಲದಿರುವಾಗ ಈ ವಿಧಾನದ ನಿಜವಾದ ಬಲ ತಿಳಿಯುತ್ತದೆ. ಇಬ್ಬರು ಗೆಳೆಯರು ಒಂದು ಜಾಗದಲ್ಲಿ ಐದರಿಂದ ಆರು ಗಂಟೆಯ ನಡುವೆ ಭೇಟಿಯಾಗಲು ಒಪ್ಪಿಕೊಂಡಿದ್ದಾರೆ. ಇಬ್ಬರೂ ಆ ಒಂದು ಗಂಟೆಯ ಯಾವುದೋ ಕ್ಷಣದಲ್ಲಿ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಇಲ್ಲದೆ, ಬಂದು ಸೇರುತ್ತಾರೆ. ಮೊದಲು ಬಂದವರು 15 ನಿಮಿಷ ಕಾದು ಹೊರಟುಹೋಗುತ್ತಾರೆ. ಭೇಟಿಯಾಗುವ ಸಂಭವನೀಯತೆ ಎಷ್ಟು? ಇಲ್ಲಿ ಇರುವುದು ಎರಡು ಸಮಯಗಳು ಮಾತ್ರ. ಮೊದಲನೆಯವರು ಬಂದ ನಿಮಿಷವನ್ನು ಅಡ್ಡ ಅಕ್ಷದಲ್ಲೂ ಎರಡನೆಯವರು ಬಂದ ನಿಮಿಷವನ್ನು ಲಂಬ ಅಕ್ಷದಲ್ಲೂ ಗುರುತಿಸಿದರೆ, ಆ ದಿನದ ಇಡೀ ಕಥೆ 60ಕ್ಕೆ 60ರ ಚೌಕದೊಳಗಿನ ಒಂದು ಬಿಂದುವಾಗುತ್ತದೆ. ಇಬ್ಬರೂ ಒಂದೇ ಕ್ಷಣದಲ್ಲಿ ಬಂದ ದಿನಗಳೆಲ್ಲ ಕರ್ಣದ ಮೇಲಿರುತ್ತವೆ. ಭೇಟಿಯಾದ ದಿನಗಳು ಕರ್ಣದ ಎರಡೂ ಬದಿಗೆ 15 ನಿಮಿಷದಷ್ಟು ಹರಡಿದ ಪಟ್ಟಿಯೊಳಗಿರುತ್ತವೆ. ಪಟ್ಟಿಯ ವಿಸ್ತೀರ್ಣವನ್ನು ನೇರವಾಗಿ ಹುಡುಕುವುದಕ್ಕಿಂತ ಹೊರಗುಳಿದ ಎರಡು ಮೂಲೆಗಳನ್ನು ನೋಡುವುದು ಜಾಣತನ. ಅವೆರಡೂ 45 ಬಾಹುವಿನ ಲಂಬಕೋನ ತ್ರಿಭುಜಗಳು. ಜೋಡಿಸಿದರೆ 45ಕ್ಕೆ 45ರ ಒಂದು ಚೌಕ. ಆದ್ದರಿಂದ ತಪ್ಪಿಹೋಗುವ ಸಂಭವನೀಯತೆ 45/60ರ ವರ್ಗ, ಅಂದರೆ 9/16, ಭೇಟಿಯಾಗುವ ಸಂಭವನೀಯತೆ 7/16. ಕಾಲು ಗಂಟೆ ಕಾದರೆ ಅವಕಾಶವೂ ಕಾಲು ಭಾಗವೇ ಇರಬಹುದು ಎಂದು ಊಹಿಸಿದವರಿಗೆ ಈ ಉತ್ತರ ಆಶ್ಚರ್ಯ ತರುತ್ತದೆ. ಇಬ್ಬರೂ ಕಾಯುವುದರಿಂದ ಪಟ್ಟಿ ಕರ್ಣದ ಎರಡೂ ಕಡೆಗೆ ಹಬ್ಬಿದೆ ಎಂಬುದನ್ನು ಚಿತ್ರ ಒಂದೇ ನೋಟಕ್ಕೆ ಹೇಳಿಬಿಡುತ್ತದೆ.

ಒಮ್ಮೆ ಚಿತ್ರ ಸಿಕ್ಕಿತೆಂದರೆ ಪ್ರಶ್ನೆಯನ್ನು ಬೇಕಾದ ಹಾಗೆ ಬಗ್ಗಿಸಬಹುದು. ಒಬ್ಬರು 15 ನಿಮಿಷ ಕಾಯುವ ತಾಳ್ಮೆಯವರು, ಇನ್ನೊಬ್ಬರು 5 ನಿಮಿಷಕ್ಕೇ ಹೊರಡುವವರು ಎಂದಾದರೆ, ಒಂದು ಮೂಲೆಯ ತ್ರಿಭುಜದ ಬಾಹು 45 ಆಗಿಯೇ ಉಳಿದು, ಇನ್ನೊಂದರದು 55 ಆಗುತ್ತದೆ. ಭೇಟಿಯ ಸಂಭವನೀಯತೆ 43/144ಕ್ಕೆ, ಅಂದರೆ ಸುಮಾರು 0.30ಕ್ಕೆ ಇಳಿಯುತ್ತದೆ. ಭೇಟಿಯ ಅವಕಾಶ ಸರಿಯಾಗಿ ಅರ್ಧವಾಗಬೇಕಾದರೆ ಇಬ್ಬರೂ ಎಷ್ಟು ಕಾಯಬೇಕು ಎಂದು ತಿರುಗಿಸಿಯೂ ಕೇಳಬಹುದು. ಕಾಯುವ ಸಮಯವನ್ನು ಗಂಟೆಯ ಭಾಗವಾಗಿ ಬರೆದು, ಅದನ್ನು ಒಂದರಿಂದ ಕಳೆದು ವರ್ಗ ಮಾಡಿದರೆ ಅರ್ಧ ಬರಬೇಕು. ಹಾಗೆ ಸಿಗುವ ಸಂಖ್ಯೆ 0.2929, ಅಂದರೆ ಸುಮಾರು 17 ನಿಮಿಷ 34 ಸೆಕೆಂಡ್. ಒಂದು ಮಾತನ್ನು ಮಾತ್ರ ಸೇರಿಸಬೇಕು: ನಿಜ ಜೀವನದಲ್ಲಿ ಯಾರೂ ಏಕರೂಪವಾಗಿ ಬರುವುದಿಲ್ಲ, ಹೇಳಿದ ಹೊತ್ತಿನ ಆಸುಪಾಸಿನಲ್ಲಿ ಗುಂಪುಗೂಡುತ್ತಾರೆ. ಹಾಗಾದಾಗ ಚೌಕದ ಒಂದು ಭಾಗ ಇನ್ನೊಂದು ಭಾಗಕ್ಕಿಂತ ‘ತೂಕ’ದ್ದಾಗುತ್ತದೆ, ಬರಿಯ ವಿಸ್ತೀರ್ಣ ಸಾಲದು.

0.2929 ಎಂಬ ಇದೇ ಸಂಖ್ಯೆ ಈ ವಿಷಯದ ಇತಿಹಾಸದ ಮೊದಲ ಪುಟದಲ್ಲೇ ಇದೆ. ಫ್ರಾನ್ಸಿನ ಬಫನ್ 1733ರಲ್ಲಿ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯ ಮುಂದಿಟ್ಟು, 1777ರಲ್ಲಿ ಪ್ರಕಟಿಸಿದ ಲೆಕ್ಕಗಳಲ್ಲಿ ಒಂದು ನಾಣ್ಯದ ಆಟವಿದೆ. ಚೌಕಾಕಾರದ ಹಾಸುಗಳನ್ನು ಜೋಡಿಸಿದ ನೆಲದ ಮೇಲೆ ನಾಣ್ಯ ಎಸೆಯುತ್ತಾರೆ. ಅದು ಯಾವ ಗೆರೆಯನ್ನೂ ಮುಟ್ಟದೆ ಒಂದೇ ಹಾಸಿನೊಳಗೆ ಉಳಿಯುತ್ತದೆಯೇ ಎಂಬುದರ ಮೇಲೆ ಪಣ. ನಾಣ್ಯ ಒಂದು ತಟ್ಟೆ, ಬಿಂದುವಲ್ಲ; ಆದ್ದರಿಂದ ಅದರ ಕೇಂದ್ರವನ್ನು ಹಿಂಬಾಲಿಸಬೇಕು. ಕೇಂದ್ರ ಹಾಸಿನ ಪ್ರತಿ ಅಂಚಿನಿಂದಲೂ ನಾಣ್ಯದ ತ್ರಿಜ್ಯಕ್ಕಿಂತ ಹೆಚ್ಚು ದೂರದಲ್ಲಿದ್ದರೆ ಗೆಲುವು, ಅಂದರೆ ಹಾಸಿನ ಬಾಹುವಿನಿಂದ ನಾಣ್ಯದ ವ್ಯಾಸವನ್ನು ಕಳೆದರೆ ಬರುವ ಬಾಹುವಿನ ಒಳಚೌಕದಲ್ಲಿ ಕೇಂದ್ರ ಬೀಳಬೇಕು. ಎರಡೂ ಕಡೆಯವರಿಗೆ ಆಟ ನ್ಯಾಯವಾಗಿರಬೇಕಾದರೆ ಒಳಚೌಕದ ವಿಸ್ತೀರ್ಣ ಹೊರಚೌಕದ ಅರ್ಧವಾಗಿರಬೇಕು. ಅದಕ್ಕೆ ನಾಣ್ಯದ ವ್ಯಾಸ ಹಾಸಿನ ಬಾಹುವಿನ 0.2929 ಭಾಗವಿರಬೇಕು. ಕಾಯುವ ಗೆಳೆಯರಿಗೂ ಬೀಳುವ ನಾಣ್ಯಕ್ಕೂ ಮೇಲುನೋಟಕ್ಕೆ ಯಾವ ನಂಟೂ ಇಲ್ಲ. ಎರಡರ ಚಿತ್ರದಲ್ಲೂ ಒಂದು ಚೌಕದಿಂದ ಅದಕ್ಕಿಂತ ಸಣ್ಣ ಚೌಕವೊಂದು ಬೇರ್ಪಡುತ್ತದೆ, ಅಷ್ಟೇ. ಒಂದು ಕಡೆ ಸಣ್ಣ ಚೌಕ ಸೋಲು, ಇನ್ನೊಂದು ಕಡೆ ಗೆಲುವು.

ಬಫನ್‌ನ ಹೆಸರು ಉಳಿದದ್ದು ನಾಣ್ಯದಿಂದಲ್ಲ, ಸೂಜಿಯಿಂದ. ಸಮಾನ ಅಂತರದ ಸಮಾಂತರ ಗೆರೆಗಳಿರುವ ನೆಲದ ಮೇಲೆ, ಆ ಅಂತರಕ್ಕಿಂತ ಉದ್ದವಲ್ಲದ ಸೂಜಿಯೊಂದನ್ನು ಎಸೆದರೆ ಅದು ಗೆರೆಯನ್ನು ದಾಟುವ ಸಂಭವನೀಯತೆ ಎಷ್ಟು ಎಂಬುದು ಪ್ರಶ್ನೆ. ಸೂಜಿಯ ಮಧ್ಯಬಿಂದುವಿಗೂ ಹತ್ತಿರದ ಗೆರೆಗೂ ಇರುವ ದೂರ ಒಂದು ಅಕ್ಷ, ಗೆರೆಯೊಂದಿಗೆ ಸೂಜಿ ಮಾಡುವ ಕೋನ ಇನ್ನೊಂದು ಅಕ್ಷ. ಈಗ ಒಟ್ಟು ಪ್ರದೇಶ ಒಂದು ಆಯತ; ಗೆರೆ ದಾಟುವ ಎಸೆತಗಳು ಆ ಆಯತದಲ್ಲಿ ಸೈನ್ ವಕ್ರರೇಖೆಯೊಂದರ ಕೆಳಗೆ ಸೇರಿಕೊಳ್ಳುತ್ತವೆ. ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಸರಿಯಾಗಿ ಸೂಜಿಯ ಉದ್ದಕ್ಕೆ ಸಮ, ಆಯತದ ವಿಸ್ತೀರ್ಣ ಅಂತರದ ಅರ್ಧವನ್ನು ಪೈಯಿಂದ ಗುಣಿಸಿದಷ್ಟು. ಆದ್ದರಿಂದ ಉತ್ತರ ಸೂಜಿಯ ಉದ್ದದ ಎರಡರಷ್ಟನ್ನು ಪೈ ಮತ್ತು ಅಂತರದ ಗುಣಲಬ್ಧದಿಂದ ಭಾಗಿಸಿದಷ್ಟು. ಸೂಜಿ ಎಸೆದು ಪೈ ಬೆಲೆ ಕಂಡುಹಿಡಿಯಬಹುದು ಎಂಬ ಮಾತು ಇಲ್ಲಿಂದ ಹುಟ್ಟಿದ್ದು. 1901ರಲ್ಲಿ ಇಟಲಿಯ ಲಾಜರಿನಿ 3,408 ಎಸೆತಗಳಲ್ಲಿ 1,808 ಸಲ ಸೂಜಿ ಗೆರೆ ದಾಟಿತೆಂದು ವರದಿ ಮಾಡಿ, ಪೈ ಬೆಲೆಯನ್ನು 355/113 ಎಂದು, ಅಂದರೆ ಆರು ದಶಮಾಂಶ ಸ್ಥಾನಗಳವರೆಗೆ ಸರಿಯಾಗಿ, ಪಡೆದ. ನಂಬುವುದು ಕಷ್ಟ. ಅವನ ಸೂಜಿ ಅಂತರದ 5/6 ಭಾಗದಷ್ಟು ಉದ್ದವಿತ್ತು. ಅದೇ ಎಸೆತಗಳಲ್ಲಿ ದಾಟಿದ ಸಂಖ್ಯೆ 1,809 ಆಗಿದ್ದರೆ ಬೆಲೆ 3.1399ಕ್ಕೆ ಜಾರಿ, ಎರಡನೆಯ ದಶಮಾಂಶವೇ ಕೆಡುತ್ತಿತ್ತು. ಕಂಪ್ಯೂಟರಿನಲ್ಲಿ ಚೌಕದೊಳಗೆ ಹತ್ತು ಸಾವಿರ ಯಾದೃಚ್ಛಿಕ ಬಿಂದುಗಳನ್ನು ಚೆಲ್ಲಿ ವೃತ್ತದೊಳಗೆ ಬಿದ್ದವನ್ನು ಎಣಿಸಿ, ಒಟ್ಟು ಬಿಂದುಗಳ ಸಂಖ್ಯೆಯಿಂದ ಭಾಗಿಸಿ, ನಾಲ್ಕರಿಂದ ಗುಣಿಸಿದರೂ ಪೈ ಬೆಲೆಯಲ್ಲಿ 0.016ರಷ್ಟು ಏರುಪೇರು ಸಹಜ. ಬಿಂದುಗಳನ್ನು ನೂರು ಪಟ್ಟು ಹೆಚ್ಚಿಸಿದರೆ ಏರುಪೇರು ಹತ್ತನೆಯ ಒಂದಕ್ಕೆ ಮಾತ್ರ ಇಳಿಯುತ್ತದೆ.

ಅಕ್ಷಗಳ ಆಯ್ಕೆ ಏಕೆ ಅಷ್ಟು ಮುಖ್ಯ ಎಂಬುದನ್ನು ತೋರಿಸಲು ಮುರಿದ ಕೋಲಿನ ಲೆಕ್ಕಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1 ಮೀಟರ್ ಉದ್ದದ ಕೋಲಿನ ಮೇಲೆ ಎರಡು ಬಿಂದುಗಳನ್ನು ಪರಸ್ಪರ ಸಂಬಂಧವಿಲ್ಲದೆ ಗುರುತಿಸಿ ಎರಡೂ ಕಡೆ ಮುರಿದರೆ, ಬರುವ ಮೂರು ತುಂಡುಗಳಿಂದ ತ್ರಿಭುಜ ಮಾಡಲು ಸಾಧ್ಯವಾಗುವ ಸಂಭವನೀಯತೆ ಎಷ್ಟು? ಯಾವುದೇ ತುಂಡು ಅರ್ಧ ಮೀಟರಿಗಿಂತ ಉದ್ದವಿರಬಾರದು, ಇಷ್ಟೇ ನಿಬಂಧನೆ. ಎರಡು ಬಿಂದುಗಳ ಸ್ಥಾನಗಳನ್ನು ಎರಡು ಅಕ್ಷಗಳಾಗಿ ತೆಗೆದುಕೊಂಡರೆ ಒಟ್ಟು ಪ್ರದೇಶ 1 ಬಾಹುವಿನ ಚೌಕ. ಕರ್ಣದ ಮೇಲ್ಭಾಗದಲ್ಲಿ, ಅಂದರೆ ಮೊದಲು ಗುರುತಿಸಿದ ಬಿಂದು ಎಡಕ್ಕೆ ಇರುವಾಗ, ಅದು ಅರ್ಧದ ಎಡಗಡೆ ಇರಬೇಕು, ಎರಡನೆಯದು ಅರ್ಧದ ಬಲಗಡೆ ಇರಬೇಕು, ಅವುಗಳ ನಡುವಿನ ಅಂತರ ಅರ್ಧಕ್ಕಿಂತ ಕಡಿಮೆ ಇರಬೇಕು. ಈ ಮೂರು ಗೆರೆಗಳು ಕೂಡಿ 1/8 ವಿಸ್ತೀರ್ಣದ ಒಂದು ತ್ರಿಭುಜವನ್ನು ಕತ್ತರಿಸುತ್ತವೆ. ಕರ್ಣದ ಕೆಳಗೆ ಅದರ ಪ್ರತಿಬಿಂಬವಿದೆ. ಒಟ್ಟು 1/4.

ಈಗ ಮುರಿಯುವ ಕ್ರಮವನ್ನು ಸ್ವಲ್ಪ ಬದಲಿಸೋಣ. ಮೊದಲು ಒಂದು ಕಡೆ ಮುರಿದು, ಎರಡರಲ್ಲಿ ಉದ್ದವಾದ ತುಂಡನ್ನು ಎತ್ತಿಕೊಂಡು, ಅದನ್ನು ಮತ್ತೆ ಯಾವುದಾದರೂ ಒಂದು ಕಡೆ ಮುರಿಯುತ್ತೇವೆ. ಉದ್ದ ತುಂಡಿನ ಉದ್ದ ಅರ್ಧದಿಂದ ಒಂದರವರೆಗೆ ಏಕರೂಪವಾಗಿರುತ್ತದೆ. ಅದನ್ನು ಅಡ್ಡ ಅಕ್ಷದಲ್ಲೂ, ಎರಡನೆಯ ಸಲ ಮುರಿದ ಜಾಗ ಆ ತುಂಡಿನ ಎಡ ತುದಿಯಿಂದ ಎಷ್ಟು ದೂರವಿದೆ ಎಂಬುದನ್ನು ಲಂಬ ಅಕ್ಷದಲ್ಲೂ ಇಟ್ಟರೆ, ಒಟ್ಟು ಪ್ರದೇಶ 3/8 ವಿಸ್ತೀರ್ಣದ ತ್ರಾಪಿಜ್ಯ, ಅನುಕೂಲಕರ ಪ್ರದೇಶ 1/8 ವಿಸ್ತೀರ್ಣದ ತ್ರಿಭುಜ. ಭಾಗಿಸಿದರೆ 1/3. ನೋಡಲು ಅಚ್ಚುಕಟ್ಟಾದ, ಚಿತ್ರವೂ ಸರಿಯಿರುವ, ವಿಸ್ತೀರ್ಣಗಳೂ ಸರಿಯಿರುವ ಈ ಉತ್ತರ ತಪ್ಪು. ತ್ರಾಪಿಜ್ಯದ ಎಡ ಅಂಚಿನಲ್ಲಿ ಉದ್ದ ತುಂಡು ಅರ್ಧ ಮೀಟರ್ ಮಾತ್ರ. ಎರಡನೆಯ ಮುರಿತದ ಪೂರ್ತಿ ಅವಕಾಶ ಆ ಅರ್ಧ ಮೀಟರಿನೊಳಗೇ ಅಡಕವಾಗಬೇಕು. ಬಲ ಅಂಚಿನಲ್ಲಿ ಅದೇ ಅವಕಾಶ ಒಂದು ಮೀಟರಿನ ಉದ್ದಕ್ಕೂ ತೆಳುವಾಗಿ ಹರಡಿದೆ. ಅಂದರೆ ತ್ರಾಪಿಜ್ಯದ ಎಡಭಾಗದ ಒಂದು ಚದರಕ್ಕೆ ಬಲಭಾಗದ ಅಷ್ಟೇ ದೊಡ್ಡ ಚದರಕ್ಕಿಂತ ಹೆಚ್ಚು ಬೆಲೆ. ಸಮ ವಿಸ್ತೀರ್ಣಕ್ಕೆ ಸಮ ಅವಕಾಶ ಎಂಬ ಮೂಲ ಷರತ್ತೇ ಮುರಿದುಬಿದ್ದಿದೆ. ಸರಿಪಡಿಸುವುದು ಕಷ್ಟವಲ್ಲ. ಲಂಬ ಅಕ್ಷದಲ್ಲಿ ದೂರದ ಬದಲು, ಉದ್ದ ತುಂಡಿನ ಎಷ್ಟನೆಯ ಭಾಗದಲ್ಲಿ ಮುರಿಯಿತು ಎಂಬ ಅನುಪಾತವನ್ನು ಇಡಬೇಕು. ಆ ಅನುಪಾತ ಮಾತ್ರ, ತುಂಡಿನ ಉದ್ದ ಎಷ್ಟೇ ಇರಲಿ, ಸೊನ್ನೆಯಿಂದ ಒಂದರವರೆಗೆ ಏಕರೂಪವಾಗಿರುತ್ತದೆ. ಒಟ್ಟು ಪ್ರದೇಶ ಈಗ ಅರ್ಧ ಅಗಲದ, ಒಂದು ಎತ್ತರದ ಆಯತ. ಅನುಕೂಲಕರ ಪ್ರದೇಶದ ನೇರ ಅಂಚುಗಳು ವಕ್ರವಾಗುತ್ತವೆ, ಅನುಕಲನ ಬೇಕಾಗುತ್ತದೆ, 2ರ ಸ್ವಾಭಾವಿಕ ಲಾಗರಿದಮ್ ಬಂದು ಸೇರುತ್ತದೆ. ಆ ಲಾಗರಿದಮ್‌ನ ಎರಡರಷ್ಟರಿಂದ ಒಂದನ್ನು ಕಳೆದರೆ ಸಿಗುವ 0.386 ಸರಿಯಾದ ಉತ್ತರ. 0.333 ಮತ್ತು 0.386ರ ನಡುವಿನ ಅಂತರ ದೊಡ್ಡದಲ್ಲ, ಆದರೆ ಅದು ಲೆಕ್ಕಾಚಾರದ ಕೈತಪ್ಪಿನಿಂದ ಬಂದದ್ದಲ್ಲ, ಅಕ್ಷದ ಆಯ್ಕೆಯಿಂದ ಬಂದದ್ದು.

ಇಷ್ಟನ್ನು ಒಪ್ಪಿಕೊಂಡ ಮೇಲೆ ಫ್ರಾನ್ಸಿನ ಗಣಿತಜ್ಞ ಬರ್ಟ್ರಾಂಡ್ 1889ರಲ್ಲಿ ಎತ್ತಿದ ವಿರೋಧಾಭಾಸ ಅಷ್ಟು ನಿಗೂಢವಾಗಿ ಕಾಣುವುದಿಲ್ಲ. ವೃತ್ತದಲ್ಲಿ ಯಾದೃಚ್ಛಿಕವಾಗಿ ಎಳೆದ ಜ್ಯಾ, ಅದೇ ವೃತ್ತದೊಳಗಿನ ಸಮಬಾಹು ತ್ರಿಭುಜದ ಬಾಹುವಿಗಿಂತ ಉದ್ದವಿರುವ ಸಂಭವನೀಯತೆ ಎಷ್ಟು? ಪರಿಧಿಯ ಮೇಲೆ ಎರಡು ತುದಿಗಳನ್ನು ಆರಿಸಿದರೆ 1/3, ಕೇಂದ್ರದಿಂದ ಜ್ಯಾಕ್ಕಿರುವ ದೂರವನ್ನು ಆರಿಸಿದರೆ 1/2, ಜ್ಯಾದ ಮಧ್ಯಬಿಂದುವನ್ನು ವೃತ್ತದೊಳಗೆ ಆರಿಸಿದರೆ 1/4. ಕೊನೆಯ ಎರಡರ ನಡುವಿನ ವ್ಯತ್ಯಾಸ ಫಲಕದ ಲೆಕ್ಕದಲ್ಲಿ ಕಂಡದ್ದೇ: ಅರ್ಧ ತ್ರಿಜ್ಯದೊಳಗೆ ಉದ್ದದ ಅರ್ಧವಿದೆ, ವಿಸ್ತೀರ್ಣದ ಕಾಲು ಮಾತ್ರವಿದೆ. 1973ರಲ್ಲಿ ಭೌತವಿಜ್ಞಾನಿ ಜೇನ್ಸ್, ವೃತ್ತದ ಗಾತ್ರವನ್ನೂ ಸ್ಥಾನವನ್ನೂ ಬದಲಿಸಿದರೂ ಉತ್ತರ ಬದಲಾಗಬಾರದು ಎಂಬ ನಿಬಂಧನೆ ಹಾಕಿದರೆ 1/2 ಒಂದೇ ಉಳಿಯುತ್ತದೆ ಎಂದು ವಾದಿಸಿದರು. ವಾದ ಸುಂದರವಾಗಿದೆ, ಆದರೂ ಆರಿಸುವ ವಿಧಾನವನ್ನು ಹೇಳದ ಪ್ರಶ್ನೆ ಅಪೂರ್ಣ ಪ್ರಶ್ನೆ ಎಂದೇ ನಾನು ಎಣಿಸುತ್ತೇನೆ.

ವರ್ಗಸಮೀಕರಣಗಳಲ್ಲಿಯೂ ಇದೇ ಅಪೂರ್ಣತೆ ಬೇರೆ ವೇಷದಲ್ಲಿ ಬರುತ್ತದೆ. ಎಕ್ಸ್‌ನ ವರ್ಗ, ಎಕ್ಸ್‌ನ 2ಬಿ ಪಟ್ಟು ಮತ್ತು ಸಿ, ಈ ಮೂರರ ಮೊತ್ತ ಸೊನ್ನೆ ಎಂಬ ಸಮೀಕರಣದ ಮೂಲಗಳು ವಾಸ್ತವವಾಗಿರಬೇಕಾದರೆ ಸಿ ಎಂಬುದು ಬಿಯ ವರ್ಗವನ್ನು ಮೀರಬಾರದು. ಬಿ, ಸಿ ಎರಡೂ ಋಣ 1ರಿಂದ 1ರವರೆಗೆ ಏಕರೂಪವಾಗಿದ್ದರೆ, ಸಿ ಎಂಬುದು ಬಿಯ ವರ್ಗಕ್ಕೆ ಸಮವಾಗಿರುವ ಪರವಲಯಕ್ಕಿಂತ ಮೇಲಿರುವ ಭಾಗ ಚೌಕದ ಮೂರನೆಯ ಒಂದು. ಆದ್ದರಿಂದ ಮೂಲಗಳು ವಾಸ್ತವವಾಗಿರುವ ಸಂಭವನೀಯತೆ 2/3. ಮಿತಿಯನ್ನು ಎರಡಕ್ಕೂ 100ಕ್ಕೆ ಏರಿಸಿದರೆ ವಾಸ್ತವವಲ್ಲದ ಮೂಲಗಳ ಪಾಲು 1/30ಕ್ಕೆ ಕುಗ್ಗುತ್ತದೆ, ಇನ್ನೂ ಏರಿಸಿದರೆ ಸೊನ್ನೆಯತ್ತ ಸಾಗುತ್ತದೆ. ಹಾಗಾದರೆ ಎಲ್ಲ ವರ್ಗಸಮೀಕರಣಗಳಿಗೂ ವಾಸ್ತವ ಮೂಲಗಳಿವೆ ಎನ್ನಬಹುದೇ? ಬಿಯ ಮಿತಿ 100, ಸಿಯ ಮಿತಿ ಅದರ ವರ್ಗವಾದ 10,000 ಎಂದು ಇಟ್ಟು ನೋಡಿದರೆ ಪಾಲು ಮತ್ತೆ 1/3ಕ್ಕೇ ಬಂದು ನಿಲ್ಲುತ್ತದೆ, ಇದೇ ರೀತಿಯಲ್ಲಿ ಮಿತಿಗಳನ್ನು ಎಷ್ಟು ದೂರ ಬೆಳೆಸಿದರೂ ಕದಲುವುದಿಲ್ಲ. ಅನಂತ ಸಮತಲದ ಮೇಲೆ ಏಕರೂಪ ಹಂಚಿಕೆ ಎಂಬುದೇ ಇಲ್ಲ. ಅಲ್ಲಿಗೆ ಯಾವ ದಾರಿಯಲ್ಲಿ ಹೋಗುತ್ತೇವೋ ಆ ದಾರಿಯ ಉತ್ತರ ನಮಗೆ ಸಿಗುತ್ತದೆ.

ಕೊನೆಯದಾಗಿ, ನನ್ನ ಮೆಚ್ಚಿನ ಲೆಕ್ಕವೊಂದನ್ನು ಬಿಡಿಸುತ್ತೇನೆ. ಸೊನ್ನೆಗೂ ಒಂದಕ್ಕೂ ನಡುವೆ ಎಕ್ಸ್, ವೈ ಎಂಬ ಎರಡು ಸಂಖ್ಯೆಗಳನ್ನು ಆರಿಸಿ, ಎಕ್ಸ್ ಅನ್ನು ವೈಯಿಂದ ಭಾಗಿಸಿ, ಭಾಗಲಬ್ಧವನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಿದರೆ ಅದು ಸಮಸಂಖ್ಯೆಯಾಗಿರುವ ಸಂಭವನೀಯತೆ ಎಷ್ಟು? ಭಾಗಲಬ್ಧ ಒಂದೇ ಆಗಿರುವ ಬಿಂದುಗಳೆಲ್ಲ ಮೂಲಬಿಂದುವಿನಿಂದ ಹೊರಟ ಒಂದೇ ಸರಳರೇಖೆಯ ಮೇಲಿರುತ್ತವೆ. ಆದ್ದರಿಂದ ಚೌಕ ಬೀಸಣಿಗೆಯ ಹಾಗೆ ಮೂಲೆಯಿಂದ ಬಿಚ್ಚಿಕೊಳ್ಳುವ ತ್ರಿಭುಜಗಳಾಗಿ ಒಡೆಯುತ್ತದೆ. ಭಾಗಲಬ್ಧ ಅರ್ಧಕ್ಕಿಂತ ಕಡಿಮೆಯಾಗಿ, ಹತ್ತಿರದ ಪೂರ್ಣಾಂಕ 0 ಆಗುವ ತ್ರಿಭುಜದ ವಿಸ್ತೀರ್ಣ 1/4. ಹತ್ತಿರದ ಪೂರ್ಣಾಂಕ 2 ಆಗುವ ತ್ರಿಭುಜದ ತಳ ಚೌಕದ ಬಲಬಾಹುವಿನ ಮೇಲೆ 2/5ರಿಂದ 2/3ರವರೆಗೆ ಇರುತ್ತದೆ, ಎತ್ತರ 1. ವಿಸ್ತೀರ್ಣ 1/3ರಿಂದ 1/5 ಕಳೆದಷ್ಟು. ಪೂರ್ಣಾಂಕ 4ಕ್ಕೆ 1/7ರಿಂದ 1/9 ಕಳೆದಷ್ಟು, 6ಕ್ಕೆ 1/11ರಿಂದ 1/13 ಕಳೆದಷ್ಟು, ಹೀಗೆ ಮುಂದುವರಿಯುತ್ತದೆ. ಇದು ಕೇರಳದ ಗಣಿತಜ್ಞ ಸಂಗಮಗ್ರಾಮದ ಮಾಧವನ ಹೆಸರಿನ ಶ್ರೇಣಿ: ಒಂದರಿಂದ 1/3 ಕಳೆದು, 1/5 ಕೂಡಿಸಿ, 1/7 ಕಳೆಯುತ್ತಾ ಹೋದರೆ ಪೈ/4 ಬರುತ್ತದೆ. ನಮ್ಮ ತ್ರಿಭುಜಗಳು ಅದೇ ಶ್ರೇಣಿಯ ಚಿಹ್ನೆ ಬದಲಾದ ಬಾಲ. ಅವುಗಳ ಮೊತ್ತ ಒಂದರಿಂದ ಪೈ/4 ಕಳೆದಷ್ಟು. ಮೊದಲ 1/4 ಸೇರಿಸಿದರೆ ಉತ್ತರ, 5ರಿಂದ ಪೈ ಕಳೆದು ನಾಲ್ಕರಿಂದ ಭಾಗಿಸಿದಷ್ಟು, ಸುಮಾರು 0.465. ಚಿತ್ರದಲ್ಲಿ ಎಲ್ಲಿಯೂ ವೃತ್ತವಿಲ್ಲ, ಇರುವುದೆಲ್ಲ ನೇರ ಗೆರೆಗಳೇ, ಆದರೂ ಪೈ ಬಂದಿದೆ. ಬೆಸಸಂಖ್ಯೆಯ ಪಾಲು ಹೆಚ್ಚಾಗಿರುವುದಕ್ಕೆ ಕಾರಣವೂ ಅದೇ ಚಿತ್ರದಲ್ಲಿದೆ: ಭಾಗಲಬ್ಧ ಅರ್ಧಕ್ಕೂ ಒಂದೂವರೆಗೂ ನಡುವೆ ಇರುವ, ಕರ್ಣವನ್ನು ತಬ್ಬಿಕೊಂಡಿರುವ ಭಾಗದ ವಿಸ್ತೀರ್ಣ 5/12. ಹತ್ತಿರದ ಪೂರ್ಣಾಂಕ 1 ಆಗುವ ಆ ಒಂದೇ ಭಾಗ 0, 2 ಇವೆರಡರ ಭಾಗಗಳನ್ನು ಕೂಡಿಸಿದರೆ ಬರುವ 23/60ಕ್ಕಿಂತಲೂ ದೊಡ್ಡದು.